ಬಳ್ಳಾರಿಯ ಭಾನುವಾರದ ಕಾನೂನು ತರಗತಿ: ಗಡಿ ದಾಟಿದ ಪೆರೋಲ್ ಕೈದಿಯ ಪಾಠ

ಕನ್ನಡದಲ್ಲಿ ಪರೀಕ್ಷೆ ಬರೆಯುವ ಕಾನೂನು ವಿದ್ಯಾರ್ಥಿಗಳಿಗೂ ಕಿರಿಯ ವಕೀಲರಿಗೂ ಬಳ್ಳಾರಿಯಲ್ಲಿ ಭಾನುವಾರಗಳಂದು ಖಾಸಗಿ ತರಗತಿಯೊಂದು ನಡೆಯುತ್ತದೆ. ಅಲ್ಲಿನ ಪಾಠಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಪೆರೋಲ್ ಮೇಲೆ ಹೊರಬಂದು ಬೇರೆ ರಾಜ್ಯಕ್ಕೆ ಪರಾರಿಯಾದವರನ್ನು ಮರಳಿ ಕರೆತರುವ ಕ್ರಮದ ಕುರಿತಾದದ್ದು.

ಮೇಷ್ಟ್ರು ಅಮೆರಿಕದಿಂದ ಆರಂಭಿಸಿದರು. ಅಲ್ಲಿ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ದಂಡ ಕಾನೂನು ಇರುವುದರಿಂದ, ಓಡಿಹೋದವನನ್ನು ಒಪ್ಪಿಸುವ ಹೊಣೆಯನ್ನು ಸಂವಿಧಾನದ ನಾಲ್ಕನೇ ವಿಧಿಯಲ್ಲೇ ಹೇಳಲಾಗಿದೆ. ಆದರೂ 1861ರಲ್ಲಿ, ಗುಲಾಮಳೊಬ್ಬಳು ತಪ್ಪಿಸಿಕೊಳ್ಳಲು ನೆರವಾದವನನ್ನು ಕೆಂಟಕಿಗೆ ಒಪ್ಪಿಸಲು ಒಹಾಯೋ ಗವರ್ನರ್ ಡೆನ್ನಿಸನ್ ಒಪ್ಪದಿದ್ದಾಗ, ಹೊಣೆಯೇನೋ ಇದೆ, ಆದರೆ ಗವರ್ನರನ್ನು ಬಲವಂತಪಡಿಸುವ ಅಧಿಕಾರ ಒಕ್ಕೂಟಕ್ಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಕೈಚೆಲ್ಲಿತು. ಈ ನಿಲುವನ್ನು ಅದೇ ನ್ಯಾಯಾಲಯ 1987ರ ಬ್ರಾನ್‌ಸ್ಟಾಡ್ ಪ್ರಕರಣದಲ್ಲಿ ರದ್ದುಪಡಿಸಿತು. ಈ ನಡುವೆ 1978ರ ಡೋರನ್ ತೀರ್ಪು, ಆರೋಪಿ ಸಿಕ್ಕಿಬಿದ್ದ ರಾಜ್ಯದ ನ್ಯಾಯಾಲಯವು ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ) ಅರ್ಜಿಯಲ್ಲಿ ಏನೇನು ನೋಡಬಹುದೆಂಬುದಕ್ಕೆ ಮಿತಿ ಹಾಕಿತ್ತು: ಕಾಗದಪತ್ರ ಸರಿಯಿದೆಯೇ, ಅಪರಾಧದ ಆರೋಪವಿದೆಯೇ, ಹಿಡಿದದ್ದು ಅದೇ ವ್ಯಕ್ತಿಯನ್ನೇ, ಅವನು ಪರಾರಿಯಾದವನೇ; ಅಷ್ಟೇ. ಪೆರೋಲಿಗೆ ಸಂಬಂಧಿಸಿದಂತೆ ಬೇರೆಯೇ ದಾರಿಯಿದೆ. ಬಿಡುಗಡೆಯ ಷರತ್ತಾಗಿಯೇ, ಹೀಗೆ ಒಪ್ಪಿಸುವುದನ್ನು ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಪಡೆಯುವ ಪದ್ಧತಿಯನ್ನು ಅವರು ವಿವರಿಸಿದ ರೀತಿ ಬಹಳ ಸ್ಪಷ್ಟವಾಗಿತ್ತು.

"ಸರ್, ಗುಂತಕಲ್ಲಿಗೆ ಓಡಿಹೋದವನನ್ನ ಹಿಡಿಯೋಕೆ ಆಂಧ್ರ ಸರ್ಕಾರದ ಒಪ್ಪಿಗೆ ಬೇಕೇನ್ರಿ?" ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಗಡಿ ಜಿಲ್ಲೆಯವರಿಗೆ ಸಹಜವಾದ ಪ್ರಶ್ನೆ. ಬೇಕಿಲ್ಲ ಎಂದರು ಮೇಷ್ಟ್ರು; ದೇಶಕ್ಕೆಲ್ಲ ಒಂದೇ ಪ್ರಕ್ರಿಯಾ ಸಂಹಿತೆಯಿದ್ದು, ವಾರಂಟ್ ಇಲ್ಲದೆ ಬಂಧಿಸಬಹುದಾದವನನ್ನು ಪೊಲೀಸರು ಭಾರತದ ಯಾವ ಭಾಗಕ್ಕಾದರೂ ಬೆನ್ನಟ್ಟಬಹುದು.

ಬೇಸರವಾದದ್ದು ಇದರ ಮುಂದಿನ ಭಾಗದಲ್ಲಿ. ಪರಸ್ಥಳದಲ್ಲಿ ಬಂಧಿಸಿದ ಮೇಲೆ 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು, ಟ್ರಾನ್ಸಿಟ್ ರಿಮಾಂಡ್ (ಬಂಧಿತನನ್ನು ತಮ್ಮ ಊರಿಗೆ ಕರೆದೊಯ್ಯಲು ಆ ಮ್ಯಾಜಿಸ್ಟ್ರೇಟರ ಅನುಮತಿ) ಪಡೆಯುವುದು ಇವೇ ನಮ್ಮ ವಕೀಲರಿಗೆ ದಿನನಿತ್ಯ ಬೇಕಾದ ಸಂಗತಿಗಳು. ಅವನ್ನು ಕೊನೆಯ ಗಳಿಗೆಯಲ್ಲಿ ಓಡಿಸಿಬಿಟ್ಟರು. ಡೆನ್ನಿಸನ್ನನಿಗೆ ಕೊಟ್ಟ ಸಮಯದ ಅರ್ಧ ಇದಕ್ಕೆ ಸಿಕ್ಕಿದ್ದರೂ ಸಾಕಿತ್ತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದ್ದರೂ, ಹಂಚಿದ ಟಿಪ್ಪಣಿಯಲ್ಲಿ ಹಳೆಯ ಕಲಂಗಳೇ ಉಳಿದಿವೆ. ಬೆನ್ನಟ್ಟುವ ಅಧಿಕಾರದ 48ನೇ ಕಲಂ ಈಗ 45 ಆಗಿದೆ.

ತೀರ್ಪು ಓದುವ ಕ್ರಮವನ್ನು ಕಲಿಯಬೇಕೆಂದಿರುವ ವಿದ್ಯಾರ್ಥಿಗಳು ಕೊಟ್ಟ ಶುಲ್ಕಕ್ಕೆ ಮೋಸವಿಲ್ಲದ ಪಾಠ ಪಡೆಯುತ್ತಾರೆ. ನೇರವಾಗಿ ಕೋರ್ಟಿನ ಕೆಲಸಕ್ಕೆಂದು ಬರುವ ಕಿರಿಯ ವಕೀಲರು ಮಾತ್ರ ಹೊಸ ಸಂಹಿತೆಯ ಪ್ರತಿಯನ್ನು ಜೊತೆಗೆ ತಂದು, ಕಲಂಗಳನ್ನು ಅಲ್ಲಲ್ಲೇ ತಿದ್ದಿಕೊಳ್ಳುವುದು ಒಳ್ಳೆಯದು.