40 ಹ್ಯಾಲೋವೀನ್ ಕಾರ್ಡುಗಳಲ್ಲಿ 23 ಕಸದ ಬುಟ್ಟಿಗೆ: ಶಾಯಿ, ಕಾಗದ, ಅಂಚೆ ಎಲ್ಲೆಲ್ಲಿ ಕೈಕೊಟ್ಟವು

ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್‌ಗೆಂದು ಸ್ಟ್ಯಾಂಪ್, ಸ್ಟೆನ್ಸಿಲ್ (ಆಕಾರ ಕೊರೆದ ಪ್ಲಾಸ್ಟಿಕ್ ಹಾಳೆ) ಬಳಸಿ ಕೈಯಲ್ಲೇ ಮಾಡಿದ 40 ಕಾರ್ಡುಗಳ ಪೈಕಿ ಅಂಚೆಪೆಟ್ಟಿಗೆ ಸೇರಿದ್ದು 17. ಮಡಿಕೆ ಬಿರಿದು 4 ಹೋದವು, ಕಪ್ಪು ಗೆರೆ ಹರಡಿ 9, ಸ್ಟೆನ್ಸಿಲ್ ಬಣ್ಣ ಕೆಸರಾಗಿ 4, ಕಾಯಿಸಿದರೆ ಕರಗಿ ಉಬ್ಬುಚಿತ್ರವಾಗುವ ಎಂಬಾಸಿಂಗ್ ಪುಡಿ ಬೇಡದ ಕಡೆ ಕೂತು 6. ಕಳಿಸಿದ 17ರಲ್ಲೂ 5 ನವೆಂಬರ್ ಮೊದಲ ವಾರ ಹಳದಿ ಚೀಟಿ ಅಂಟಿಸಿಕೊಂಡು ತಿರುಗಿ ಬಂದವು.

ಹಾಳಾದವನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದರೆ, ಕೈ ನಡುಗಿ ಕೆಟ್ಟ ಕಾರ್ಡು ಒಂದೂ ಇಲ್ಲ. ಕೆಳಗಿನ ಪದರದ ಮೇಲೆ ಮುಂದಿನ ಪದರ ಕೂರುತ್ತದೆಯೇ ಎಂದು ಒಂದು ತುಂಡು ಕಾಗದದಲ್ಲಿ ನೋಡಿಕೊಳ್ಳದೆ, ಒಟ್ಟಿಗೆ ಹತ್ತಾರು ಕಾರ್ಡಿಗೆ ಕೈ ಹಾಕಿದ್ದರಿಂದ ಆದ ನಷ್ಟ ಇದು. ಸೆಪ್ಟೆಂಬರಿನಲ್ಲೇ ಸಾಮಾನು ತರಲು ಹೊರಟವರಿಗೆ ಉಪಯೋಗವಾಗಲಿ ಎಂದು ವಿವರವಾಗಿ ಬರೆದಿದೆ. ಒಂದು ಮಾತು: ಇಲ್ಲಿ ಸ್ಟ್ಯಾಂಪ್ ಎಂದರೆ ಶಾಯಿ ಹಚ್ಚಿ ಒತ್ತುವ ಅಚ್ಚು. ಲಕೋಟೆಗೆ ಅಂಟಿಸುವುದನ್ನು ಅಂಚೆ ಚೀಟಿ ಎಂದೇ ಕರೆದಿದೆ, ಇಲ್ಲದಿದ್ದರೆ ಗೋಜಲು.

ಕಾಗದದಿಂದಲೇ ಶುರು ಮಾಡೋಣ. ಅಂಗಡಿಯಲ್ಲಿ '110 ಪೌಂಡ್' ಎಂದು ಬರೆದ ಕಟ್ಟು ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಇಂಡೆಕ್ಸ್' ಎಂದಿದೆಯೋ 'ಕವರ್' ಎಂದಿದೆಯೋ ನೋಡಿ. 110 ಪೌಂಡ್ ಕವರ್ ಎಂದರೆ ಚದರ ಮೀಟರಿಗೆ ಸುಮಾರು 298 ಗ್ರಾಂ, ಅಂದರೆ 298 ಜಿಎಸ್‌ಎಂ. 110 ಪೌಂಡ್ ಇಂಡೆಕ್ಸ್ ಬರೀ 199. ಅಮೆರಿಕದ ಪೌಂಡ್ ಲೆಕ್ಕವೆಂದರೆ ಆ ಬಗೆಯ ಕಾಗದದ ಮೂಲ ಅಳತೆಯ 500 ಹಾಳೆಗಳ ತೂಕ. ಕವರ್ ಬಗೆಗೆ ಮೂಲ ಹಾಳೆ 20×26 ಇಂಚು, ಇಂಡೆಕ್ಸ್‌ಗೆ 25.5×30.5 ಇಂಚು. ಅಷ್ಟು ದೊಡ್ಡ ಹಾಳೆ 500 ಸೇರಿಯೂ ಅದೇ 110 ಪೌಂಡ್ ತೂಗಿದರೆ ಕಾಗದ ತೆಳ್ಳಗಿರಲೇಬೇಕಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಜಿಎಸ್‌ಎಂ ಹೇಳಿ ಕಾಗದ ಕೊಂಡು ರೂಢಿಯಿದ್ದವರು ಅಮೆರಿಕಕ್ಕೆ ಬಂದು ಮೊದಲು ಎಡವುವುದೇ ಇಲ್ಲಿ. ಇಂಡೆಕ್ಸ್ ಹಾಳೆಯಲ್ಲಿ ಮಾಡಿದ ಕಾರ್ಡಿಗೆ ಎರಡು ಪದರ ಅಂಟಿಸಿದರೆ ಅದು ನಿಲ್ಲುವುದಿಲ್ಲ, ಮುಂದಕ್ಕೆ ಬಾಗುತ್ತದೆ. ಮಡಚುವ ತಳಕ್ಕೆ 110 ಪೌಂಡ್ ಕವರ್, ಮೇಲಿನ ಚಿತ್ರಪಟ್ಟಿಗೆ 80 ಪೌಂಡ್ ಕವರ್, ಅಂದರೆ 216 ಜಿಎಸ್‌ಎಂ ಸಾಕು.

ಮಡಿಕೆ ಬಿರಿದದ್ದಕ್ಕೆ ಕಾರಣ ಕತ್ತರಿಸಿದ ದಿಕ್ಕು. 8.5×11 ಇಂಚಿನ ಹಾಳೆಯಲ್ಲಿ ಕಾಗದದ ನಾರು ಸಾಮಾನ್ಯವಾಗಿ 11 ಇಂಚಿನ ಉದ್ದಕ್ಕೆ ಹರಿದಿರುತ್ತದೆ. ಉದ್ದವನ್ನು 5.5 ಇಂಚಿಗೆ ಅರ್ಧ ಮಾಡಿ, ಸಿಕ್ಕ 8.5×5.5ರ ತುಂಡನ್ನು 4.25ರಲ್ಲಿ ಮಡಚಿದರೆ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ, ಅಂಚು ನುಣುಪಾಗಿರುತ್ತದೆ. ಮೇಲಕ್ಕೆ ತೆರೆಯುವ ಕಾರ್ಡು ಬೇಕೆಂದು ಅದೇ ಹಾಳೆಯನ್ನು ಉದ್ದುದ್ದ ಸೀಳಿ, 4.25×11ರ ಪಟ್ಟಿಯನ್ನು 5.5ರಲ್ಲಿ ಮಡಚಿದರೆ ಮಡಿಕೆ ನಾರನ್ನು ಅಡ್ಡಲಾಗಿ ಮುರಿಯುತ್ತದೆ. ಬಿಳಿ ಕಾಗದದಲ್ಲಿ ಅದು ಅಷ್ಟಾಗಿ ಕಾಣದು. ಕಪ್ಪು ಕಾಗದದಲ್ಲಿ, ಅದೂ ಮೇಲೆ ಮಾತ್ರ ಬಣ್ಣವಿದ್ದು ಒಳಗೆ ಬಿಳಿ ತಿರುಳಿರುವ ಬಗೆಯಲ್ಲಿ, ಬೆನ್ನಿನುದ್ದಕ್ಕೂ ಬಿಳಿ ಗೀರು ಎದ್ದು ಕೂರುತ್ತದೆ. ನಾಲ್ಕು ಕಾರ್ಡು ಹಾಗೇ ಹೋದವು. ಕಪ್ಪು ಹಾಳೆ ಕೊಳ್ಳುವ ಮುಂಚೆ ಒಂದು ಮೂಲೆ ಹರಿದು ನೋಡಿ, ಹರಿದ ಅಂಚೂ ಕಪ್ಪಾಗಿರಬೇಕು. ಮಡಚುವ ಮೊದಲು ಮೊಂಡು ತುದಿಯ ಪಟ್ಟಿಯಾದ ಬೋನ್ ಫೋಲ್ಡರ್‌ನಿಂದ ಒಂದು ತಗ್ಗು ಗೆರೆ ಎಳೆದು, ಆ ಗೆರೆಯ ಉಬ್ಬು ಒಳಮಗ್ಗುಲಿಗೆ ಬರುವಂತೆ ಮಡಚಬೇಕು. ಬಹಳ ಜನ ಉಲ್ಟಾ ಮಡಚುತ್ತಾರೆ.

ಇನ್ನು ಒಂಬತ್ತು ಕಾರ್ಡು ನುಂಗಿದ ಕಪ್ಪು ಶಾಯಿ. ಕುಂಬಳಕಾಯಿಯ ಹೊರಗೆರೆ ಒತ್ತಿ, ಒಣಗಿಸಿ, ಆಲ್ಕೋಹಾಲ್ ಮಾರ್ಕರಿನಲ್ಲಿ ಕಿತ್ತಳೆ ತುಂಬಿದ್ದಾಯಿತು. ಮಾರ್ಕರ್ ತುದಿ ತಾಗಿದ್ದೇ ತಡ ಗೆರೆ ಕರಗಿ, ಕುಂಬಳಕಾಯಿ ಹೊಗೆ ಹಿಡಿದ ಒಲೆಯ ಗೋಡೆಯಂತಾಯಿತು. ಪ್ಯಾಡಿನ ಮೇಲೆ ದಪ್ಪಕ್ಷರದಲ್ಲಿ 'ಪರ್ಮನೆಂಟ್' ಎಂದಿತ್ತು. ಇತ್ತು, ಸುಳ್ಳೇನಲ್ಲ, ಆದರೆ ಅದು ನೀರಿನ ಲೆಕ್ಕದ ಮಾತು. ಗಾಜು, ಪ್ಲಾಸ್ಟಿಕ್ ಮೇಲೂ ನಿಲ್ಲುವ ಸಾಲ್ವೆಂಟ್ ಶಾಯಿ ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲಿಗೆ ಕರಗುತ್ತದೆ. ಮಾರ್ಕರಿನಲ್ಲಿರುವುದು ಆಲ್ಕೋಹಾಲೇ. ಎಷ್ಟು ಹೊತ್ತು ಒಣಗಿಸಿದರೂ ಈ ಜೋಡಿ ಹೊಂದುವುದಿಲ್ಲ.

ಆದ್ದರಿಂದ ಮೊದಲು ಬಣ್ಣ ತುಂಬುವ ಸಾಧನ ಯಾವುದೆಂದು ಗೊತ್ತು ಮಾಡಿಕೊಂಡು ಆಮೇಲೆ ಶಾಯಿ ಆರಿಸಿ. ಆಲ್ಕೋಹಾಲ್ ಮಾರ್ಕರ್ ಆದರೆ ಮೆಮೆಂಟೊ ಬ್ರಾಂಡಿನ ತರಹದ, ಕಾಗದದೊಳಗೆ ಇಂಗುವ ಡೈ ಶಾಯಿ, ಒತ್ತಿದ ಮೇಲೆ ಐದು ನಿಮಿಷ ಬಿಡಿ. ಜಲವರ್ಣವಾದರೆ ನೀರಿಗೆ ನಿಲ್ಲುವ ಪಿಗ್ಮೆಂಟ್ ಶಾಯಿ, ವರ್ಸಾಫೈನ್ ಬಗೆಯದು. ಅದು ಕಾಗದದ ಮೇಲ್ಮೈಯಲ್ಲೇ ಕೂರುವುದರಿಂದ ಡೈ ಶಾಯಿಗಿಂತ ನಿಧಾನ ಒಣಗುತ್ತದೆ, ಹೊಳಪು ಲೇಪದ ಕಾಗದದ ಮೇಲಂತೂ ಒಣಗುವ ಹೆಸರೇ ಎತ್ತದು. ಬಣ್ಣದ ಪೆನ್ಸಿಲ್ ಆದರೆ ಎರಡರಲ್ಲಿ ಯಾವುದೂ ನಡೆಯುತ್ತದೆ. ಕಪ್ಪು ಕಾಗದದ ಮೇಲೆ ಡೈ ಶಾಯಿ ಕಾಣುವುದೇ ಇಲ್ಲ, ಏಕೆಂದರೆ ಅದು ಪಾರದರ್ಶಕ. ಅಲ್ಲಿ ಬಿಳಿ ಪಿಗ್ಮೆಂಟ್ ಇಲ್ಲವೇ ಎಂಬಾಸಿಂಗ್ ಮಾತ್ರ. ಪರೀಕ್ಷೆ ಸುಲಭ: ನಿಮ್ಮದೇ ಕಾರ್ಡಿನ ಕಾಗದದ ತುಂಡಿನ ಮೇಲೆ ಅಚ್ಚು ಒತ್ತಿ, ಐದು ನಿಮಿಷ ಬಿಟ್ಟು, ಗೆರೆಯ ಮೇಲೇ ಮಾರ್ಕರನ್ನು ಎರಡು ಸಲ ಎಳೆಯಿರಿ. ತುದಿ ಕಪ್ಪಾಯಿತೋ, ಬೇಡ.

ಹೊಸ ಪಾರದರ್ಶಕ ಸ್ಟ್ಯಾಂಪುಗಳ ಮೇಲೆ ತಯಾರಿಕೆಯಲ್ಲಿ ಉಳಿದ ಒಂದು ಜಿಡ್ಡು ಪದರ ಇರುತ್ತದೆ. ಶಾಯಿ ಅದರ ಮೇಲೆ ಹನಿ ಹನಿಯಾಗಿ ನಿಂತು ಮುದ್ರೆ ಚುಕ್ಕೆ ಚುಕ್ಕೆ ಬರುತ್ತದೆ. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರದ್ದಿ ಕಾಗದದ ಮೇಲೆ ಮೂರು ನಾಲ್ಕು ಸಲ ಒತ್ತಿದರೆ ಸರಿಹೋಗುತ್ತದೆ. ಸಾಲ್ವೆಂಟ್ ಕ್ಲೀನರ್ ಹಾಕಬೇಡಿ, ಅಚ್ಚಿನ ಫೋಟೊಪಾಲಿಮರ್ ಪ್ಲಾಸ್ಟಿಕ್ ಹಾಳಾಗುತ್ತದೆ. ನೀರು, ಮೆತ್ತನೆ ಬಟ್ಟೆ ಸಾಕು. ಕಪ್ಪು, ಕೆಂಪು ಕಲೆ ಉಳಿದರೆ ಉಳಿಯಲಿ, ಮುದ್ರೆಗೆ ತೊಂದರೆಯಿಲ್ಲ. ಒಂದೇ ಚಿತ್ರವನ್ನು ಹಲವು ಸಲ ಒತ್ತಬೇಕಿದ್ದರೆ ಕಾಗದ, ಅಚ್ಚು ಎರಡನ್ನೂ ಹಿಡಿದಿಡುವ ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್ ದುಡ್ಡಿಗೆ ಮೋಸವಿಲ್ಲ. ಕಾಗದ ಅಲುಗದ ಕಾರಣ ಮಾಸಿದ ಮುದ್ರೆಯ ಮೇಲೆ ಅದೇ ಜಾಗಕ್ಕೆ ಇನ್ನೊಂದು ಸಲ ಒತ್ತಬಹುದು.

ಕೊಳ್ಳುವಾಗ ಇನ್ನೊಂದು ಬಲೆ ಇದೆ. ಆನ್‌ಲೈನಿನಲ್ಲಿ ತೀರ ಅಗ್ಗಕ್ಕೆ ಕಾಣುವ 'ಹ್ಯಾಲೋವೀನ್ ಸೆಟ್' ಚಿತ್ರದಲ್ಲಿ ಅಚ್ಚೂ ಇರುತ್ತದೆ, ಅದೇ ಆಕಾರ ಕತ್ತರಿಸುವ ಲೋಹದ ಡೈಯೂ ಇರುತ್ತದೆ. ಬರುವುದು ಡೈ ಮಾತ್ರ. ಅಚ್ಚು ಬಂದರೂ ಮಾಟಗಾತಿಯ ಟೊಪ್ಪಿಗೆ ಹೆಬ್ಬೆರಳ ಉಗುರಿನಷ್ಟು. ವಿವರಣೆಯಲ್ಲಿ ಹಾಳೆಯ ಅಳತೆ, ಉದಾಹರಣೆಗೆ 4×6 ಇಂಚು, ಮತ್ತು ಪ್ರತಿ ಚಿತ್ರದ ಅಳತೆ ಎರಡೂ ಇಲ್ಲದಿದ್ದರೆ ಕೊಳ್ಳಬೇಡಿ.

ಸ್ಟೆನ್ಸಿಲ್ ವಿಷಯಕ್ಕೆ ಬಂದರೆ, ಕೆಟ್ಟದ್ದು ಬಣ್ಣದ ಆಯ್ಕೆಯಿಂದ. ಹ್ಯಾಲೋವೀನ್ ಎಂದರೆ ಕಿತ್ತಳೆ, ನೇರಳೆ, ಹಸಿರು, ಕಪ್ಪು. ಅಂಗಡಿಯಲ್ಲಿ ಒಟ್ಟಿಗೆ ಜೋಡಿಸಿಟ್ಟರೆ ಕಣ್ಣಿಗೆ ಹಬ್ಬ. ಕಾಗದದ ಮೇಲೆ ಒಂದರೊಳಗೆ ಒಂದು ಬೆರೆಸಿದರೆ ಕೆಸರು. ಕಿತ್ತಳೆಯ ಮೇಲೆ ನೇರಳೆ ಹತ್ತಿದರೆ ಕಂದು, ನೇರಳೆಯ ಮೇಲೆ ಹಸಿರು ಹತ್ತಿದರೂ ಅದೇ ಗತಿ. ಸಂಜೆಯ ಆಕಾಶಕ್ಕೆ ಹಳದಿ, ಕಿತ್ತಳೆ, ಆಮೇಲೆ ಸೇತುವೆಯಾಗಿ ಗುಲಾಬಿ ಅಥವಾ ಕೆಂಪು, ಕೊನೆಗೆ ನೇರಳೆ. ಈ ಕ್ರಮದಲ್ಲಿ ತಿಳಿಯಿಂದ ಗಾಢಕ್ಕೆ ಹೋದರೆ ಕೊಳೆಯಾಗದು. ಒಂದೊಂದು ಬಣ್ಣಕ್ಕೂ ಬೇರೆ ಬ್ರಷ್ ಇರಲಿ. ಮೇಪಲ್ ಎಲೆಗಳಿಗೆ ಈ ಕಾಟವಿಲ್ಲ. ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಹೇಗೆ ಬೆರೆತರೂ ಶರತ್ಕಾಲವೇ. ಕಲಿಯುವವರು ಎಲೆಯಿಂದ ಶುರು ಮಾಡುವುದು ಒಳ್ಳೆಯದು, ಭೂತ ಆಮೇಲೆ.

ಕೈ ಹಗುರ ಇರಬೇಕು. ಪ್ಯಾಡಿನಿಂದ ಎತ್ತಿದ ಬ್ರಷ್ಷನ್ನು ಮೊದಲು ರದ್ದಿ ಕಾಗದದ ಮೇಲೆ ಎರಡು ಸುತ್ತು ತಿರುಗಿಸಿ, ಸ್ಟೆನ್ಸಿಲ್ಲಿನ ಪ್ಲಾಸ್ಟಿಕ್ ಭಾಗದ ಮೇಲೆ ಸುತ್ತು ಶುರು ಮಾಡಿ ನಿಧಾನವಾಗಿ ಕಿಂಡಿಯೊಳಗೆ ಬರಬೇಕು. ನೇರವಾಗಿ ಕಿಂಡಿಗೇ ಇಟ್ಟರೆ ಅಲ್ಲೊಂದು ಗಾಢ ಚುಕ್ಕೆ ಬೀಳುತ್ತದೆ, ಅದನ್ನು ಅಳಿಸಲು ಬ್ರಹ್ಮನಿಗೂ ಆಗದು. ಒತ್ತಿ ಉಜ್ಜಿದರೆ, ಶಾಯಿ ಹೆಚ್ಚಾದರೆ, ಬಣ್ಣ ಸ್ಟೆನ್ಸಿಲ್ಲಿನ ಅಡಿಗೆ ನುಗ್ಗಿ ಬಾವಲಿಯ ರೆಕ್ಕೆಗೆ ರೋಮ ಬರುತ್ತದೆ. ನಾಲ್ಕೂ ಬದಿಗೆ ಕಡಿಮೆ ಅಂಟಿನ ಟೇಪ್ ಹಾಕಿ. ಮಾಮೂಲಿ ಸೆಲ್ಲೋ ಟೇಪ್ ಕಾಗದದ ಮೇಲ್ಪದರವನ್ನೇ ಕಿತ್ತುಕೊಂಡು ಬರುತ್ತದೆ. ಉಬ್ಬು ಚಿತ್ರಕ್ಕೆ ಬಳಿಯುವ ಟೆಕ್ಸ್ಚರ್ ಪೇಸ್ಟ್ ಆದರೆ ಸ್ಟೆನ್ಸಿಲ್ಲಿನ ದಪ್ಪಕ್ಕಿಂತ ಹೆಚ್ಚು ಮೆತ್ತಬೇಡಿ. ಬಾಗಿಲ ಮುಂದೆ ರಂಗೋಲಿ ಅಚ್ಚು ಎತ್ತುವ ಹಾಗೆ, ಎಳೆಯದೆ ನೇರ ಮೇಲಕ್ಕೆತ್ತಿ, ಆ ಕ್ಷಣವೇ ನೀರಿಗೆ ಹಾಕಿ. ಪೇಸ್ಟ್ ಒಣಗಿದರೆ ಕಿಂಡಿ ಮುಚ್ಚಿ ಸ್ಟೆನ್ಸಿಲ್ ಮುಗಿಯಿತು.

ಎಂಬಾಸಿಂಗ್ ಪುಡಿ ಹಾಳು ಮಾಡಿದ ಆರು ಕಾರ್ಡುಗಳಲ್ಲಿ ತಪ್ಪಿದ್ದು ಕೆಲಸದ ಕ್ರಮ. ನೇರಳೆ ಆಕಾಶ ಬೆರೆಸಿ, ಅದರ ಮೇಲೆ ಅಂಟು ಶಾಯಿಯಲ್ಲಿ ಜೇಡರಬಲೆ ಒತ್ತಿ, ಬಿಳಿ ಪುಡಿ ಸುರಿದು ಕೊಡವಿದರೆ ಬಲೆಯ ಜೊತೆಗೆ ಆಕಾಶದ ತುಂಬ ಬಿಳಿ ಕಾಳು. ಬೆರೆಸಿದ ಶಾಯಿ ಬೆರಳಿಗೆ ಒಣಗಿದಂತೆ ಅನಿಸಿದರೂ ಪುಡಿ ಹಿಡಿಯುವಷ್ಟು ತೇವ ಉಳಿದಿರುತ್ತದೆ. ಕಾಯಿಸಿದ ಮೇಲೆ ಆ ಕಾಳುಗಳು ಶಾಶ್ವತ. ಕ್ರಮ ತಿರುಗಿಸಿ: ಖಾಲಿ ಬಿಳಿ ಕಾಗದದ ಮೇಲೆ ಮೊದಲು ಬಲೆ ಒತ್ತಿ, ಬಿಳಿ ಪುಡಿ ಹಾಕಿ ಕಾಯಿಸಿ, ತಣ್ಣಗಾದ ಮೇಲೆ ಆಕಾಶದ ಬಣ್ಣ ಬೆರೆಸಿ. ಕರಗಿ ಗಟ್ಟಿಯಾದ ಪುಡಿ ಶಾಯಿ ಹೀರುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಬಲೆ ಬೆಳ್ಳಗೆ ಹೊಳೆಯುತ್ತದೆ.

ಒತ್ತುವ ಮೊದಲು ಕಾಗದವನ್ನು ಆ್ಯಂಟಿ-ಸ್ಟ್ಯಾಟಿಕ್ ಪುಡಿಯ ಚೀಲದಿಂದ ಸವರಲೇಬೇಕು. ಅಮೆರಿಕದಲ್ಲಿ ಅಕ್ಟೋಬರ್ ಕೊನೆಗೆ ಮನೆಯಲ್ಲಿ ಹೀಟರ್ ಶುರುವಾಗಿ ಗಾಳಿ ಒಣಗುತ್ತದೆ, ಸ್ವೆಟರಿನ ಕಿಡಿಯಂತೆ ಸ್ಥಿರವಿದ್ಯುತ್ತು ಪುಡಿಯನ್ನು ಎಳೆಯುತ್ತದೆ. ಮಂಗಳೂರು, ಉಡುಪಿ ಕಡೆ ಮಾಡುವವರಿಗೆ ತದ್ವಿರುದ್ಧ ಕಾರಣ: ಗಾಳಿಯ ತೇವಕ್ಕೇ ಪುಡಿ ಅಂಟುತ್ತದೆ. ಹೀಟ್ ಗನ್ನನ್ನು ಕಾಗದದಿಂದ ದೂರ ಹಿಡಿದು ಹತ್ತು ಹದಿನೈದು ಸೆಕೆಂಡು ಬಿಸಿಯಾಗಲು ಬಿಟ್ಟು ಆಮೇಲೆ ಹತ್ತಿರ ತನ್ನಿ. ಪುಡಿ ಹರಳಿನಂತಿದ್ದದ್ದು ಫಳಕ್ಕನೆ ಹೊಳೆದ ಕೂಡಲೇ ಮುಂದಕ್ಕೆ ಸರಿಯಬೇಕು. ಇನ್ನೂ ಕಾಯಿಸಿದರೆ ಕಾಗದದೊಳಗೆ ಇಳಿದು, ಉಬ್ಬು ಹೋಗಿ, ಸುತ್ತ ಎಣ್ಣೆ ಕಲೆಯಂಥ ಗುರುತು ಉಳಿಯುತ್ತದೆ. ಸ್ಟೆನ್ಸಿಲ್ ಪಕ್ಕದಲ್ಲಿ ಇಟ್ಟುಕೊಂಡು ಕಾಯಿಸಬೇಡಿ, ಸೊಟ್ಟಗಾಗುತ್ತದೆ.

ಅಂಚೆಯಲ್ಲಿ ತಿರುಗಿ ಬಂದ ಐದೂ ಚೌಕ ಕಾರ್ಡುಗಳು. ನೋಡಲು ಚೆಂದವಿದ್ದವು, ಆದರೆ ಅಮೆರಿಕದ ಅಂಚೆ ಯಂತ್ರಕ್ಕೆ ಲಕೋಟೆಯ ಉದ್ದ ಎತ್ತರಕ್ಕಿಂತ ಕನಿಷ್ಠ 1.3 ಪಟ್ಟು ಇರಬೇಕು, 2.5 ಪಟ್ಟು ಮೀರಬಾರದು. ಚೌಕದ ಲೆಕ್ಕ 1. ಅಂಥದಕ್ಕೆ ಹೆಚ್ಚುವರಿ ದರ ಕಟ್ಟಬೇಕು. 2010ರಲ್ಲಿ ಬಂದ ಮೊನಾರ್ಕ್ ಚಿಟ್ಟೆಯ ಅಂಚೆ ಚೀಟಿ ಇದಕ್ಕೆಂದೇ ತಂದದ್ದು. ಮಾಮೂಲಿ ಚೀಟಿ ಒಂದನ್ನೇ ಅಂಟಿಸಿದರೆ ದರ ಸಾಲದೆ ತಿರುಗಿ ಬರಬಹುದು. 4.25×5.5ರ ಕಾರ್ಡಿಗೆ ಹೊಂದುವ ಎ2 ಲಕೋಟೆ 4.375×5.75 ಇಂಚು, ಅನುಪಾತ 1.31. ಕೂದಲೆಳೆಯಲ್ಲಿ ಪಾಸು.

ದಪ್ಪ ಕಾಲು ಇಂಚು ಮೀರಿದರೆ ಅದು ಪತ್ರದ ದರದಲ್ಲಿ ಹೋಗದು, ಅದರೊಳಗಿದ್ದರೂ ಒಂದೇ ಕಡೆ ಉಬ್ಬಿದ್ದರೆ ಮತ್ತೆ ಹೆಚ್ಚುವರಿ ದರ. 3 ಮಿಲಿಮೀಟರಿನ ಫೋಮ್ ಚೌಕಗಳನ್ನು ಎರಡು ಅಂತಸ್ತು ಅಂಟಿಸಿದರೆ ಕಾಲು ಇಂಚು ಅಲ್ಲಿಗೇ ಮುಗಿಯಿತು. ಅರಗಿನ ಮುದ್ರೆ, ಗುಂಡಿ, ದಾರದ ಗಂಟು ಎಲ್ಲ ಒಳಗಿನ ಕಾರ್ಡಿನ ಮೇಲೂ ಬೇಡ. ತೂಕದ ಭಯ ಬೇಡ: 298 ಜಿಎಸ್‌ಎಂ ತಳ 9 ಗ್ರಾಂ, 4×5.25ರ ಚಿತ್ರಪಟ್ಟಿ 3 ಗ್ರಾಂ. ಲಕೋಟೆ ಸೇರಿದರೂ ಒಂದು ಔನ್ಸ್, ಅಂದರೆ 28 ಗ್ರಾಂ ದಾಟಲು ಇನ್ನೂ ಜಾಗವಿರುತ್ತದೆ. ಕಪ್ಪು ಲಕೋಟೆಯ ಮೇಲೆ ಬೆಳ್ಳಿ ಪೆನ್ನಿನ ವಿಳಾಸ ಯಂತ್ರದ ಕಣ್ಣಿಗೆ ಕಷ್ಟ. ಕಪ್ಪೇ ಬೇಕಿದ್ದರೆ ಬಿಳಿ ಚೀಟಿ ಅಂಟಿಸಿ ಅದರ ಮೇಲೆ ಬರೆಯಿರಿ. ಲಕೋಟೆಯ ಮುಂಭಾಗದಲ್ಲಿ ಎಲೆ, ಬಾವಲಿ ಒತ್ತುವ ಆಸೆಯಿದ್ದರೆ ಕೆಳಗಿನ ಬಲ ಮೂಲೆ ಬಿಡಿ: ಬಲ ಅಂಚಿನಿಂದ 4.75 ಇಂಚು, ಕೆಳಗಿನಿಂದ 5/8 ಇಂಚು ಎತ್ತರದ ಜಾಗ ಬಾರ್‌ಕೋಡಿನದು. ನೀರು ತಾಗಿದರೆ ಹರಡುವ ಡಿಸ್ಟ್ರೆಸ್ ಬಗೆಯ ಶಾಯಿಯನ್ನು ಲಕೋಟೆಯ ಹೊರಗೆ ಬಳಸಲೇಬೇಡಿ, ಒಂದು ಮಳೆ ಹನಿ ಸಾಕು. ಊರಿಗೆ ಕಳಿಸುವ ಕಾರ್ಡಿನಲ್ಲಿ ನಿಜವಾದ ಮೇಪಲ್ ಎಲೆ ಒಣಗಿಸಿ ಅಂಟಿಸುವುದೂ ಬೇಡ. ಗಡಿ ದಾಟುವ ಸಸ್ಯವಸ್ತುವಿಗೆ ಕ್ವಾರಂಟೈನ್ ನಿಯಮಗಳಿವೆ, ಮೇಲಾಗಿ ಎಲೆ ದಾರಿಯಲ್ಲೇ ಪುಡಿಯಾಗುತ್ತದೆ.

ಹಾಳಾದ 23ರಲ್ಲಿ ಪೂರ್ತಿ ಎಸೆಯಬೇಕಾಗಿದ್ದವು ಕಡಿಮೆ ಎಂದು ಬುಟ್ಟಿ ಖಾಲಿ ಮಾಡುವಾಗ ತಿಳಿಯಿತು. ಮಡಿಕೆ ಬಿರಿದ ಕಾರ್ಡಿನ ಮುಖಪುಟವನ್ನು 4×5.25ಕ್ಕೆ ಕತ್ತರಿಸಿ ಹೊಸ ತಳಕ್ಕೆ ಅಂಟಿಸಬಹುದು. ಬಿಳಿ ಕಾಳು ಕೂತ ನೇರಳೆ ಆಕಾಶಕ್ಕೆ ಇನ್ನಷ್ಟು ಬಿಳಿ ಚುಕ್ಕೆ ಸಿಡಿಸಿದರೆ ನಕ್ಷತ್ರ ಎಂದು ಒಪ್ಪಿಸಬಹುದು. ಬರೀ ಎಲೆಯ ಕಾರ್ಡುಗಳ ಮೇಲೆ 'ಹ್ಯಾಪಿ ಹ್ಯಾಲೋವೀನ್' ಒತ್ತದೆ ಒಳಗನ್ನು ಖಾಲಿ ಬಿಟ್ಟಿದ್ದರೆ ಅವು ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್‌ಗೂ ಸಲ್ಲುತ್ತವೆ. ತಪ್ಪಿ ಕೊಂಡ ಇಂಡೆಕ್ಸ್ ಹಾಳೆಗಳಿಗೂ ಕೆಲಸವಿದೆ: ಚಂದ್ರನ ಆಕಾರ ಕತ್ತರಿಸಿ ಮರೆಗಾಗಿ ಇಟ್ಟು ಸುತ್ತ ಆಕಾಶ ಬೆರೆಸಲು ಆ ದಪ್ಪ ಹೇಳಿ ಮಾಡಿಸಿದಂತಿದೆ.