ಹಿಂಬಾಗಿಲಿನ ಸ್ಟೆಪ್ನಿ: ವೆಲ್ಡಿಂಗೋ, ಹೊಸ ಚೌಕಟ್ಟೋ?

ಹಳೆಯ ಜೀಪಿನ ಹಿಂಬಾಗಿಲಲ್ಲಿ ಸ್ಟೆಪ್ನಿ (ಹೆಚ್ಚುವರಿ ಚಕ್ರ) ಹೊತ್ತ ಬ್ರಾಕೆಟ್‌ನ ಸುತ್ತ ತಗಡು ಸೀಳಿದೆ; ಅದನ್ನೇ ಬಲಪಡಿಸುವುದೋ, ಸ್ಟೆಪ್ನಿ ಹೊರಲು ಬಂಪರಿಗೆ ಜೋಡಿಸಿ ಪಕ್ಕಕ್ಕೆ ತಿರುಗುವ ಚೌಕಟ್ಟು ಹಾಕಿಸುವುದೋ ಎಂದು ಕೇಳಿದ್ದೀರಿ.

ಖರ್ಚು ಕಡಿಮೆಯಾಗುವುದು ವೆಲ್ಡಿಂಗ್‌ನಲ್ಲಿ. ಆದರೆ ಸೀಳನ್ನು ಬರಿದೆ ಬೆಸೆದು ಬಿಟ್ಟರೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು, ತುಕ್ಕು ಪೂರ್ತಿ ಕೆರೆದು, ಬೆಸೆದ ಮೇಲೆ ಒಳಬದಿಗೆ ಸುಮಾರು 3 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಕೊಟ್ಟು ಬೋಲ್ಟ್ ಬಿಗಿಯಬೇಕು. ತಟ್ಟೆ ಬಾಗಿಲಿನ ಒಳಚೌಕಟ್ಟಿನವರೆಗೆ ಚಾಚಿರಲಿ. ಭಾರ ಹಂಚಿಹೋಗುವುದೇ ಇಲ್ಲಿ ಮುಖ್ಯ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯಲು ಮರೆಯಬೇಡಿ.

ಬಾಳಿಕೆಯಲ್ಲಿ ತಿರುಗುವ ಚೌಕಟ್ಟು ಮುಂದು. ಗಟ್ಟಿ ಬಂಪರಿನ ಮೂಲಕ ಅದು ಭಾರವನ್ನು ಚಾಸಿಗೆ ದಾಟಿಸುತ್ತದೆ, ಬಾಗಿಲಿನ ಕೀಲುಗಳು ಜೋಲುವುದಿಲ್ಲ. ಮೂಲ ಅಳತೆಗಿಂತ ದೊಡ್ಡ ಟೈರು ಹಾಕಿದ್ದರೆ, ಕಲ್ಲುದಾರಿಯ ಓಡಾಟವೇ ಹೆಚ್ಚಾಗಿದ್ದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹಿಂಭಾಗದ ತೂಕ ಏರುತ್ತದೆ, ಬಾಗಿಲು ತೆರೆಯುವ ಮುನ್ನ ಪ್ರತಿಸಲ ಚೌಕಟ್ಟನ್ನು ಸರಿಸಬೇಕು.

ಮೂಲ ಅಳತೆಯ ಟೈರು, ಅಪರೂಪದ ಓಟ, ಕಾರ್ಖಾನೆಯ ರೂಪ ಉಳಿಸುವ ಆಸೆ ಇದ್ದರೆ ತಟ್ಟೆಯೇ ಸಾಕು. ಒಳಚೌಕಟ್ಟೇ ತುಕ್ಕಿಗೆ ಪುಡಿಯಾಗಿದ್ದರೆ ಮಾತ್ರ ಯಾವ ತಟ್ಟೆಯೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಬಾಗಿಲಿನ ಒಳಹಲಗೆ ಬಿಚ್ಚಿ ನೋಡಿ.