ದಾಸ್ತಾನು ಮುಗಿಯುವ ಮಂತ್ರಗಾತಿ: ಸ್ಮ್ಯಾಶ್ ಅಲ್ಟಿಮೇಟ್‌ನ ರಾಬಿನ್ ಜೊತೆ ಆರು ವರ್ಷ

ತುಮಕೂರಿನ ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ದಾಸ್ತಾನು ಪುಸ್ತಕ ಬರೆಯುವುದು ನನ್ನ ಕೆಲಸ. ಎಷ್ಟು ಮೂಟೆ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಹಗಲೆಲ್ಲ ಲೆಕ್ಕ ಹಾಕುವವನು ರಾತ್ರಿ ಟಿ.ವಿ. ಮುಂದೆ ಕುಳಿತು ಮತ್ತೆ ಅದನ್ನೇ ಮಾಡುತ್ತಾನೆ ಎಂದು ಅಕ್ಕ ನಗುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಎಂಬ ವಿಡಿಯೊ ಆಟದಲ್ಲಿ 80ಕ್ಕೂ ಹೆಚ್ಚು ಹೋರಾಟಗಾರರಿದ್ದಾರೆ. ಮಾರಿಯೋ ಇದ್ದಾನೆ, ಪಿಕಾಚು ಇದೆ, ಬೇರೆ ಕಂಪನಿಗಳ ಆಟಗಳಿಂದ ಬಂದ ಸೋನಿಕ್, ರಿಯು ಕೂಡ ಇದ್ದಾರೆ. ಆದರೂ 2019ರ ದೀಪಾವಳಿಯಿಂದ ಇಂದಿನವರೆಗೆ ನಡುವೆ ಸ್ವಲ್ಪ ಬಿಡುವು ಬಿಟ್ಟರೆ ನಾನು ಆಡುತ್ತಿರುವುದು ರಾಬಿನ್ ಒಬ್ಬಳನ್ನೇ. ಅವಳ ಕತ್ತಿ ಸವೆದು ಮುಗಿಯುತ್ತದೆ, ಮಂತ್ರದ ಪುಸ್ತಕ ಖಾಲಿಯಾಗುತ್ತದೆ. ಹೊಡೆದಾಟದ ನಡುವೆಯೇ ದಾಸ್ತಾನು ನೋಡಿಕೊಳ್ಳಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಪ್ರಾಣದ ಪಟ್ಟಿ ಇಳಿಯುವುದಿಲ್ಲ. ಪೆಟ್ಟು ತಿಂದಷ್ಟೂ ಶೇಕಡಾವಾರು ಏರುತ್ತದೆ, ಅದು ಏರಿದಷ್ಟೂ ಮುಂದಿನ ಪೆಟ್ಟಿಗೆ ದೂರ ಹಾರುತ್ತೀರಿ. ಅಂಕಣದ ಆಚೆ ಹಾರಿಹೋಗಿ ಮರಳಲಾಗದಿದ್ದರೆ ಒಂದು ಜೀವ ಹೋಯಿತು. 2018ರ ಡಿಸೆಂಬರ್ 7ರಂದು ನಿಂಟೆಂಡೋ ಸ್ವಿಚ್ ಎಂಬ ಆಟದ ಪೆಟ್ಟಿಗೆಗೆ ಬಿಡುಗಡೆಯಾದ ಈ ಆಟದ ನಿರ್ದೇಶಕ ಮಸಾಹಿರೊ ಸಕುರಾಯ್. ಅದುವರೆಗಿನ ಸ್ಮ್ಯಾಶ್ ಆಟಗಳಲ್ಲಿ ಬಂದಿದ್ದ ಒಬ್ಬೊಬ್ಬರನ್ನೂ ಬಿಡದೆ ವಾಪಸ್ ಕರೆತಂದವರು ಅವರು. ನಮ್ಮ ದೇಶದಲ್ಲಿ ಸ್ವಿಚ್‌ನ ಅಧಿಕೃತ ಮಾರಾಟ ಇಲ್ಲದ್ದರಿಂದ ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೊರದೇಶದಿಂದ ತರಿಸಿದ ಸೆಟ್ ಕೊಂಡೆ. ಖಾತರಿ ಚೀಟಿ ಎಂದು ಅವರು ಕೊಟ್ಟ ಕಾಗದದ ಮೇಲೆ ಅಂಗಡಿಯ ಮೊಹರು ಬಿಟ್ಟರೆ ಬೇರೇನೂ ಇರಲಿಲ್ಲ. ಹೋಗಲಿ, ಈ ವಿಮರ್ಶೆ ಪೆಟ್ಟಿಗೆಯದ್ದಲ್ಲ.

ನನಗೆ ರಾಬಿನ್ ಪರಿಚಯವಾದದ್ದು ಸ್ಮ್ಯಾಶ್‌ನಲ್ಲಿ ಅಲ್ಲ. ಬೆಂಗಳೂರಿಗೆ ರೈಲಿನಲ್ಲಿ ಓಡಾಡಿಕೊಂಡು ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಗೆಳೆಯನೊಬ್ಬ ಮಾರಿದ ಹಳೆಯ 3ಡಿಎಸ್ ಎಂಬ ಕೈಯಲ್ಲಿ ಹಿಡಿಯುವ ಆಟದ ಯಂತ್ರದಲ್ಲಿ ‘ಫೈರ್ ಎಂಬ್ಲಮ್ ಅವೇಕನಿಂಗ್’ ಆಡಿದೆ. ಜಪಾನಿನಲ್ಲಿ 2012ರಲ್ಲಿ ಬಂದ ಆಟ ಅದು. ಚದುರಂಗದಂತೆ ಚೌಕಗಳ ಮೇಲೆ ಪಡೆ ನಡೆಸಬೇಕು. ಪಡೆಯ ತಂತ್ರಗಾರನಾಗಿ ಕಥೆಯೊಳಗೆ ಕಾಲಿಡುವುದು ನಾವೇ. ಗಂಡೋ ಹೆಣ್ಣೋ ಆರಿಸಬೇಕು, ಮೈಕಟ್ಟು, ಮುಖ, ಕೂದಲು, ಕೂದಲಿನ ಬಣ್ಣ, ದನಿ, ಹುಟ್ಟಿದ ದಿನ, ಎಲ್ಲವನ್ನೂ ಆರಿಸಬೇಕು. ಒಂದು ಬಲ, ಒಂದು ದೌರ್ಬಲ್ಯ ಕೂಡ ನಾವೇ ಹೇಳಬೇಕು. ರಾಬಿನ್ ಎಂಬುದು ನಾವು ಹೆಸರು ಬದಲಿಸದಿದ್ದರೆ ಉಳಿಯುವ ಹೆಸರು ಮಾತ್ರ.

ನಾನು ಮಾಡಿಕೊಂಡವಳು ಗಿಡ್ಡ ಮೈಕಟ್ಟಿನ, ಕಪ್ಪು ಕೂದಲಿನ ಹುಡುಗಿ. ಬಲದ ಜಾಗದಲ್ಲಿ ವೇಗವನ್ನು, ದೌರ್ಬಲ್ಯದ ಜಾಗದಲ್ಲಿ ಅದೃಷ್ಟವನ್ನು ಒತ್ತಿದೆ. ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ ಬರುವಷ್ಟರಲ್ಲಿ ಒಂದು ಕಾಳಗ, ಯಶವಂತಪುರ ಬರುವಷ್ಟರಲ್ಲಿ ಇನ್ನೆರಡು. ಆ ಆಟದಲ್ಲಿ ರಾಬಿನ್ ಹೆಚ್ಚುಕಡಿಮೆ ಯಾವ ಬಗೆಯ ಯೋಧರ ವರ್ಗಕ್ಕೆ ಬೇಕಾದರೂ ಬದಲಾಗಬಹುದು. ನನ್ನವಳು ಕೋಟು, ಪುಸ್ತಕ ಎಲ್ಲ ಬಿಟ್ಟು ವೈವರ್ನ್ ಎಂಬ ರೆಕ್ಕೆಯ ಡ್ರ್ಯಾಗನ್ ಏರಿ, ಕೈಯಲ್ಲಿ ಕೊಡಲಿ ಹಿಡಿದು ಕಥೆ ಮುಗಿಸಿದಳು.

ಹಾಗಾಗಿ ಸ್ಮ್ಯಾಶ್‌ನಲ್ಲಿ ಮೊದಲ ಸಲ ರಾಬಿನ್‌ನನ್ನು ಆರಿಸಿದಾಗ ಆದದ್ದು ಬೇಸರ. ತಂತ್ರಗಾರನ ಅದೇ ಕೋಟು, ಅದೇ ತಿಳಿ ಬಣ್ಣದ ಕೂದಲು. ಕೊಡಲಿ ಇಲ್ಲ, ವೈವರ್ನ್ ಇಲ್ಲ. ಗಂಡು, ಹೆಣ್ಣು ಎರಡೂ ರೂಪ ಇವೆ, ಆರಿಸಿಕೊಳ್ಳಲು ಉಳಿದಿರುವುದು ಅದು ಮತ್ತು ಉಡುಪಿನ ಬಣ್ಣ. ಎಲ್ಲಕ್ಕಿಂತ ನಗು ಬಂದದ್ದು ಓಟ ನೋಡಿ. ವೇಗವೇ ನನ್ನ ಬಲ ಎಂದು ಬರೆದುಕೊಟ್ಟವಳು ಇಲ್ಲಿ ಇಡೀ ಆಟದ ನಿಧಾನಿಗಳ ಸಾಲಿನಲ್ಲಿ ನಿಂತಿದ್ದಳು. ಎರಡು ವಾರ ಆಡಿ ಬದಿಗಿಟ್ಟೆ.

ಮತ್ತೆ ಎತ್ತಿಕೊಂಡದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪನ ದುರ್ಯೋಧನ. ದೊಡ್ಡಪ್ಪನ ಊರು ಗುಬ್ಬಿ ತಾಲ್ಲೂಕಿನಲ್ಲಿದೆ, ನಾಟಕದ ಹುಚ್ಚು ಅಲ್ಲಿನ ನೀರಿನಲ್ಲೇ ಇದೆ. ಊರವರು ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಜಾತ್ರೆಗೆ ಪೌರಾಣಿಕ ನಾಟಕ ಆಡುತ್ತಾರೆ. ಕಿರೀಟ, ಭುಜಕೀರ್ತಿ, ಪರದೆ ಎಲ್ಲ ಬಾಡಿಗೆಯವು. ಹೋದ ವಾರ ಪಕ್ಕದ ಊರಿನ ದುರ್ಯೋಧನ ಬೆವರು ಸುರಿಸಿದ ಕಿರೀಟವೇ ಈ ವಾರ ದೊಡ್ಡಪ್ಪನ ತಲೆಗೆ ಬರುತ್ತದೆ, ಅಳತೆ ಹೊಂದದೆ ಕಿವಿಯವರೆಗೆ ಇಳಿಯುತ್ತದೆ. ಆದರೂ ಜನ ಅದು ದೊಡ್ಡಪ್ಪನೇ ಎಂದು ದೂರದಿಂದ ಹೇಳುತ್ತಾರೆ. ಏಕೆಂದರೆ ಪ್ರತಿ ಕಂದ ಪದ್ಯ ಎತ್ತುವ ಮೊದಲು ಗದೆಯನ್ನು ನೆಲಕ್ಕೂರಿ ಒಂದು ಗಳಿಗೆ ಉಸಿರು ತೆಗೆದುಕೊಳ್ಳುವವರು ಅವರೊಬ್ಬರೇ. ಗದೆಯ ಭಾರ ಗೊತ್ತಿರುವವರ ಹಾಗೆ. ಗದೆ ಇರುವುದು ರಟ್ಟಿನದು, ಆ ಮಾತು ಬೇರೆ.

2020ರ ಜಾತ್ರೆಯಲ್ಲಿ ಅದನ್ನು ನೋಡುತ್ತಿದ್ದಾಗ ರಾಬಿನ್ ನೆನಪಾದಳು. ಅವೇಕನಿಂಗ್‌ನಲ್ಲಿ ನನ್ನ ಹುಡುಗಿಯ ಕೂದಲು ಕಪ್ಪಿತ್ತೋ ಕೆಂಪಿತ್ತೋ ಎಂಬುದು ಕಾಳಗದ ನಡುವೆ ಎಂದೂ ತಲೆಗೆ ಬಂದದ್ದಿಲ್ಲ. ತಲೆಯಲ್ಲಿ ಸದಾ ಇದ್ದದ್ದು ಒಂದೇ: ಈ ಆಯುಧದಲ್ಲಿ ಇನ್ನೆಷ್ಟು ಪೆಟ್ಟು ಉಳಿದಿದೆ? ಆ ಆಟದಲ್ಲಿ ಕತ್ತಿಯಾಗಲಿ, ಕೊಡಲಿಯಾಗಲಿ, ಮಂತ್ರದ ಪುಸ್ತಕವಾಗಲಿ ಬಳಸಿದಷ್ಟೂ ಎಣಿಕೆ ಇಳಿದು ಕೊನೆಗೆ ಮುರಿಯುತ್ತವೆ. ಒಳ್ಳೆಯ ಆಯುಧವನ್ನು ಸಣ್ಣ ಶತ್ರುವಿನ ಮೇಲೆ ಖರ್ಚು ಮಾಡಲು ಕೈ ಹಿಂಜರಿಯುತ್ತದೆ. ಸ್ಮ್ಯಾಶ್ ಮಾಡಿದವರು ನನ್ನ ಹುಡುಗಿಯ ಮುಖವನ್ನು ತರಲಿಲ್ಲ, ತರಲು ಸಾಧ್ಯವೂ ಇರಲಿಲ್ಲ, ಲಕ್ಷಾಂತರ ಮನೆಗಳಲ್ಲಿ ಅವಳಿಗೆ ಲಕ್ಷಾಂತರ ಮುಖ. ಎಲ್ಲರಿಗೂ ಸಮಾನವಾಗಿದ್ದ ಆ ಹಿಂಜರಿಕೆಯನ್ನು ಎತ್ತಿ ತಂದರು. ಊರಿಗೆ ಬಂದವನೇ ಸ್ವಿಚ್ ಆನ್ ಮಾಡಿದೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂದರೆ, ರಾಬಿನ್ ಹತ್ತಿರ ಎರಡು ಕತ್ತಿ ಇವೆ. ಒಂದು ಕಂಚಿನದು, ಎಷ್ಟು ಬೀಸಿದರೂ ಮುಗಿಯದು, ಪೆಟ್ಟೂ ಅಷ್ಟಕ್ಕಷ್ಟೇ. ಇನ್ನೊಂದು ಮಿಂಚಿನಾಕಾರದ ಲೆವಿನ್ ಕತ್ತಿ, ಜೀವ ತೆಗೆಯುವುದು ಅದೇ, ಸವೆಯುವುದೂ ಅದೇ. ಜೊತೆಗೆ ನಾಲ್ಕು ಮಂತ್ರ: ಥಂಡರ್ ಸಿಡಿಲು, ಆರ್ಕ್‌ಫೈರ್ ಬೆಂಕಿ, ಎಲ್ವಿಂಡ್ ಗಾಳಿ, ನೊಸ್ಫೆರಾಟು ಎದುರಾಳಿಯ ಚೈತನ್ಯ ಹೀರಿ ನಮ್ಮ ಗಾಯ ಇಳಿಸುವುದು. ಥಂಡರ್ ಅನ್ನು ಹಿಡಿದು ಬೆಳೆಸಿದಷ್ಟೂ ಸಿಡಿಲು ದೊಡ್ಡದು, ಪುಸ್ತಕವೂ ಅಷ್ಟು ಬೇಗ ಖಾಲಿ. ಮುಗಿದ ಪುಸ್ತಕವನ್ನು ರಾಬಿನ್ ಎಸೆದುಬಿಡುತ್ತಾಳೆ, ಒಂದಷ್ಟು ಹೊತ್ತು ಕಳೆದ ಮೇಲೆ ಹೊಸದು ಕೈಗೆ ಬರುತ್ತದೆ. ನೊಸ್ಫೆರಾಟುವಿಗೆ ಕಾಯುವುದಂತೂ ಮಳೆಗೆ ಕಾದಂತೆ. ಎಲ್ವಿಂಡ್ ಮೇಲೆ ನನಗೆ ವಿಶೇಷ ಭಯಭಕ್ತಿ. ಅಂಕಣದಿಂದ ಹೊರಗೆ ಹಾರಿಹೋದಾಗ ಕೆಳಗೆ ಗಾಳಿ ಬೀಸಿ ಮೇಲೆ ಬರಬೇಕಾದದ್ದು ಅದರಿಂದಲೇ. ಅದು ಖಾಲಿಯಾಗಿದ್ದ ಹೊತ್ತಿನಲ್ಲಿ ಹೊರಗೆ ಬಿದ್ದರೆ ಗುಂಡಿ ಎಷ್ಟು ಸಲ ಒತ್ತಿದರೂ ಬರಿಗೈ. ಅವಳು ಸುಮ್ಮನೆ ಬೀಳುತ್ತಾಳೆ, ನಾನು ಸುಮ್ಮನೆ ನೋಡುತ್ತೇನೆ.

ಮೊದಲ ವರ್ಷ ಸೋತದ್ದೆಲ್ಲ ಹೀಗೆಯೇ. ಉಳಿಕೆ ಎಷ್ಟೆಂದು ತೋರಿಸುವ ಚಿಕ್ಕ ಗುರುತು ಪರದೆಯ ಕೆಳಗೆ ರಾಬಿನ್ ಚಿತ್ರದ ಪಕ್ಕದಲ್ಲೇ ಇದೆ, ಆದರೆ ಮುಷ್ಟಿಕಾಳಗದ ನಡುವೆ ಯಾರು ಅತ್ತ ನೋಡುತ್ತಾರೆ? ಎರಡನೆಯ ವರ್ಷ ಎಣಿಕೆ ಕಣ್ಣಿಂದ ಬೆರಳಿಗೆ ಇಳಿಯಿತು. ಮೂರನೆಯ ವರ್ಷ ಹೊಳೆದದ್ದು ಖಾಲಿ ಚೀಲದ ಲೆಕ್ಕ. ನಮ್ಮ ಮಂಡಿಯಲ್ಲಿ ಧಾನ್ಯ ಸುರಿದ ಮೇಲೆ ಗೋಣಿಚೀಲಕ್ಕೂ ಬೆಲೆ ಇದೆ, ಅದಕ್ಕೂ ಪ್ರತ್ಯೇಕ ಪುಟ ಇದೆ. ರಾಬಿನ್ ಎಸೆದ ಮುರುಕು ಲೆವಿನ್ ಕತ್ತಿಯೂ ಹಾಗೆಯೇ, ಕೆಳಗೆ ಬೀಳುವ ಮೊದಲು ಹಿಡಿದರೆ ಅದನ್ನೇ ಬೀಸಿ ಎಸೆಯಬಹುದು, ಎದುರಾಳಿಗೆ ಬಲವಾಗಿ ತಾಗುತ್ತದೆ. ದೋಷ ಎಂದರೆ ಅದನ್ನು ಎದುರಾಳಿಯೂ ಹಿಡಿಯಬಹುದು.

ಇದೇ ಲೆಕ್ಕದಲ್ಲಿ ಉಳಿದವರನ್ನೂ ತೂಗಿ ನೋಡಿದ್ದೇನೆ. ಅಕ್ಕನ ಮಗಳು ಪುಟ್ಟಿ ಆಡುವುದು ‘ಡ್ರ್ಯಾಗನ್ ಕ್ವೆಸ್ಟ್’ನ ನಾಯಕನನ್ನು, 2019ರ ಜುಲೈ ಕೊನೆಯಲ್ಲಿ ಹೆಚ್ಚುವರಿಯಾಗಿ ಸೇರಿಸಿದವನು. 1986ರಿಂದ ನಡೆದುಬಂದ ಆ ಸರಣಿಯಲ್ಲಿ ನಾಯಕನಿಗೆ ಹೆಸರಿಡುವುದು ಆಡುವವರು, ಅವನ ಬಾಯಲ್ಲಿ ಮಾತೂ ಇಲ್ಲ. ಸ್ಮ್ಯಾಶ್ ಅವನನ್ನು ಬರೀ ‘ಹೀರೋ’ ಎಂದು ಕರೆದು, ನಾಲ್ಕು ಬೇರೆ ಬೇರೆ ಆಟಗಳ ನಾಯಕರ ರೂಪ ಕೊಟ್ಟಿತು. ಜಾಣತನ ಇರುವುದು ಅಲ್ಲಿ ಅಲ್ಲ, ಪಟ್ಟಿಯಲ್ಲಿ. ಕೆಳಗಿನ ಗುಂಡಿ ಒತ್ತಿದರೆ ನಾಲ್ಕು ಮಂತ್ರಗಳ ಪಟ್ಟಿ ತೆರೆಯುತ್ತದೆ, ಪ್ರತಿ ಸಲವೂ ಬೇರೆ ನಾಲ್ಕು. ಮೂಲದ ಆಟದಲ್ಲಿ ಪಟ್ಟಿ ತೆರೆದು ಕಾಫಿ ಕುಡಿದು ಬರಬಹುದು, ಶತ್ರು ಕಾಯುತ್ತಾನೆ. ಇಲ್ಲಿ ಓದುತ್ತಿರುವಾಗಲೇ ಒದೆ ಬೀಳುತ್ತದೆ. ಅದೃಷ್ಟಕ್ಕೆ ಸಿಕ್ಕ ಮಂತ್ರ ಒಂದೇ ಏಟಿಗೆ ಮುಗಿಸಿದಾಗ ನನಗೆ ಮೈ ಉರಿಯುತ್ತದೆ, ಪುಟ್ಟಿ ಸೋಫಾದ ಮೇಲೆ ಕುಣಿಯುತ್ತಾಳೆ. ನ್ಯಾಯವಾಗಿ ಹೇಳಬೇಕೆಂದರೆ ಅದು ನನ್ನ ರಾಬಿನ್‌ಗಿಂತ ಒಂದು ಕೈ ಮೇಲಾದ ರೂಪಾಂತರ. ಅದನ್ನು ಅವಳ ಮುಂದೆ ಒಪ್ಪಿಕೊಂಡಿಲ್ಲ.

ಫೈರ್ ಎಂಬ್ಲಮ್ ಸರಣಿಯದೇ ಆದ ‘ತ್ರೀ ಹೌಸಸ್’ನ ಬೈಲೆತ್ 2020ರ ಜನವರಿಯಲ್ಲಿ ಬಂದಾಗ ಫೈರ್ ಎಂಬ್ಲಮ್‌ನವರು ಎಂಟು ಮಂದಿಯಾದರು, ಕತ್ತಿಯವರು ಜಾಸ್ತಿಯಾದರು ಎಂದು ಗೊಣಗಾಟವೂ ಎದ್ದಿತು. ನನ್ನ ಗೊಣಗಾಟ ಬೇರೆ. ಬೈಲೆತ್ ಮೂಲದಲ್ಲಿ ಮೇಷ್ಟ್ರು. ಮಕ್ಕಳನ್ನು ತಿದ್ದುವುದೇ ಆ ಆಟದ ಸುಖ. ಸ್ಮ್ಯಾಶ್‌ನಲ್ಲಿ ಪಕ್ಕಕ್ಕೆ ಒತ್ತಿದರೆ ಒಬ್ಬ ಶಿಷ್ಯನ ಈಟಿ, ಕೆಳಗೆ ಒತ್ತಿದರೆ ಒಬ್ಬಳ ಕೊಡಲಿ, ಸುಮ್ಮನೆ ಒತ್ತಿದರೆ ಇನ್ನೊಬ್ಬನ ಬಿಲ್ಲು. ನೋಡಲು ಸೊಗಸು, ಆಡಲು ಗಟ್ಟಿ. ಆದರೆ ಕಲಿಸುವ ಭಾವ ಎಲ್ಲಿದೆ? ಶಾಲೆಯ ಬೀರುವಿನ ಬೀಗ ತೆಗೆದು ಸಾಮಾನು ತೋರಿಸಿದ ಹಾಗಾಯಿತು. ಅದೇ ಸರಣಿಯ ‘ಫೇಟ್ಸ್’ನ ಕೊರಿನ್ ಪರವಾಗಿಲ್ಲ, ಕೈಕಾಲು ಡ್ರ್ಯಾಗನ್ ಆಗುವುದು ಚೆನ್ನಾಗಿದೆ.

ಕೊನೆಗೆ ‘ಮೀ’ ಎಂದು ಕರೆಯುವ, ನಾವೇ ರೂಪಿಸಿಕೊಳ್ಳುವ ಹೋರಾಟಗಾರರು. ಕಾಗದದ ಮೇಲೆ ನನ್ನಂಥವನಿಗೆ ಹೇಳಿ ಮಾಡಿಸಿದ್ದು ಇದೇ: ಮುಖ ನಮ್ಮದು, ಕೈಕಾಳಗ, ಕತ್ತಿ, ಬಂದೂಕು ಮೂರರಲ್ಲಿ ಒಂದು ಬಗೆ, ಪ್ರತಿ ವಿಶೇಷ ಪೆಟ್ಟಿಗೂ ಮೂರರಲ್ಲಿ ಒಂದು ಆಯ್ಕೆ. 2021ರಲ್ಲಿ ‘ಸ್ಕೈರಿಮ್’ನ ಡ್ರ್ಯಾಗನ್‌ಬಾರ್ನ್ ಉಡುಪನ್ನೂ ಮಾರಿದರು. ಇಷ್ಟಬಂದ ಕುಲ, ಇಷ್ಟಬಂದ ಮುಖ, ಇಷ್ಟಬಂದ ವಿದ್ಯೆ ಎನ್ನುವ ಆಟದ ನಾಯಕ ಅವನು. ಬಂದದ್ದು ಕೊಂಬಿನ ಶಿರಸ್ತ್ರಾಣ, ಕವಚ. ಡ್ರ್ಯಾಗನ್ ಭಾಷೆಯಲ್ಲಿ ಕೂಗಿ ಶತ್ರುವನ್ನು ತಳ್ಳುವ ಅವನ ಗರ್ಜನೆ ಬರಲಿಲ್ಲ. ದೊಡ್ಡಪ್ಪನ ಬಾಡಿಗೆ ಕಿರೀಟ ನೆನಪಾಯಿತು, ಒಳಗೆ ದೊಡ್ಡಪ್ಪ ಇಲ್ಲದ ಕಿರೀಟ. ನನ್ನ ಮುಖಕ್ಕೇ ಅದನ್ನು ತೊಡಿಸಿ ಒಂದು ವಾರ ಆಡಿದೆ, ನನ್ನದು ಅನ್ನಿಸಲಿಲ್ಲ.

ದೀರ್ಘ ಬಳಕೆಯ ಬಗ್ಗೆ ಕೇಳುವವರಿಗೆ: ಕೊನೆಯ ಹೋರಾಟಗಾರ ಸೋರಾ 2021ರ ಅಕ್ಟೋಬರ್‌ನಲ್ಲಿ ಬಂದ, ಬಲಾಬಲದ ಕೊನೆಯ ಹೊಂದಾಣಿಕೆ ಅದೇ ಡಿಸೆಂಬರ್‌ನಲ್ಲಿ ಆಯಿತು. ಅದಕ್ಕೂ ಮೊದಲಿನ ತಿದ್ದುಪಡಿಗಳಲ್ಲಿ ರಾಬಿನ್‌ಗೆ ಹಲವು ಸಲ ಬಲ ತುಂಬಿದರು, ಓಟ ಮಾತ್ರ ಅದೇ ಎತ್ತಿನಗಾಡಿ. ಆಮೇಲೆ ಆಟ ಅಲ್ಲಾಡಿಲ್ಲ, ಕಲಿತದ್ದು ಹಾಳಾಗುವುದಿಲ್ಲ. ಮೂಲ ಆಟ ಅಮೆರಿಕದಲ್ಲಿ 59.99 ಡಾಲರ್, ಹೆಚ್ಚುವರಿ ಹೋರಾಟಗಾರರಲ್ಲಿ ಬಹುತೇಕರಿಗೆ ತಲಾ 5.99. ಎಲ್ಲರನ್ನೂ ಕೊಳ್ಳಬೇಡಿ. ಬೇಕಾದವರನ್ನು ಮಾತ್ರ ಕೊಳ್ಳಿ, ರಾಬಿನ್ ಮೂಲದಲ್ಲೇ ಇದ್ದಾಳೆ. ಅಂತರಜಾಲದಲ್ಲಿ ದೂರದ ದೇಶದವರೊಡನೆ ಆಡುವುದು ನಮ್ಮ ಮನೆಯಿಂದ ಆಗದ ಮಾತು, ಗುಂಡಿ ಒತ್ತಿದ್ದು ಈಗ, ಕತ್ತಿ ಬೀಸಿದ್ದು ಆಮೇಲೆ. ಪಕ್ಕದಲ್ಲಿ ಕುಳಿತು ಆಡುವವರು ಒಬ್ಬರಾದರೂ ಇದ್ದರೆ ಮಾತ್ರ ಕೊಳ್ಳಿ. ಅಗ್ಗಕ್ಕೆ ಸಿಕ್ಕಿತೆಂದು ತಂದ ಬೇರೆ ಕಂಪನಿಯ ಕಂಟ್ರೋಲರ್‌ನ ಕಡ್ಡಿ ಎಂಟೇ ತಿಂಗಳಲ್ಲಿ ಎಡಕ್ಕೆ ವಾಲಿತು, ಮೊಬೈಲ್ ರಿಪೇರಿಯವನೊಬ್ಬ ಬಿಚ್ಚಿ ಸರಿಮಾಡಿಕೊಟ್ಟ, ಆಮೇಲೆ ಬಲಕ್ಕೆ ವಾಲಿತು.

ಹೋದ ಭಾನುವಾರ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದೆ. ಪೊಟ್ಟಣ ಬಿಚ್ಚುವ ಮೊದಲು ಒಂದು ಆಟ ಎಂದಳು ಪುಟ್ಟಿ. ಇಬ್ಬರಿಗೂ ಕೊನೆಯ ಜೀವ. ನನ್ನದು ಶೇಕಡಾ 140, ಅವಳದು ಅದಕ್ಕೂ ಹೆಚ್ಚು. ಲೆವಿನ್ ಕತ್ತಿಯಲ್ಲಿ ಇನ್ನೂ ಪೆಟ್ಟಿತ್ತು, ಉಳಿಸಿಕೊಂಡೇ ಇದ್ದೆ. ಆರ್ಕ್‌ಫೈರ್ ಎಸೆದೆ, ಅದೇ ಕೊನೆಯದಾಗಿತ್ತು. ಕೆಂಪು ಪುಸ್ತಕ ರಾಬಿನ್ ಕೈಯಿಂದ ಜಾರಿ ಕೆಳಗೆ ಬೀಳುವಷ್ಟರಲ್ಲಿ ಹೀರೋ ಅದನ್ನು ಹಿಡಿದುಕೊಂಡ. ಪುಟ್ಟಿ ತಕ್ಷಣ ಎಸೆಯಲಿಲ್ಲ. ಅಂಚಿಗೆ ತಳ್ಳಿದಳು, ಹಾರಿದೆ, ಎಲ್ವಿಂಡ್‌ನಿಂದ ಮೇಲೆ ಬಂದೆ, ಮತ್ತೆ ತಳ್ಳಿದಳು, ಮತ್ತೆ ಗಾಳಿ ಬೀಸಿದೆ. ಆಗ ಎಲ್ವಿಂಡ್ ಪುಸ್ತಕವೂ ಕೈಬಿಟ್ಟಿತು. ಅವಳು ಇಷ್ಟು ಹೊತ್ತು ನನ್ನ ದಾಸ್ತಾನು ಎಣಿಸುತ್ತಿದ್ದಳು ಎಂದು ಗೊತ್ತಾದದ್ದು ಆಗಲೇ.

“ಮಾಮ, ತೆಗೆದುಕೋ ನಿನ್ನ ಪುಸ್ತಕ,” ಎಂದು ಬೀಸಿ ಎಸೆದಳು. ರಾಬಿನ್ ಪರದೆಯಾಚೆ ಹಾರಿದಳು. ಲೆವಿನ್ ಕತ್ತಿ ಅರ್ಧಕ್ಕರ್ಧ ಹಾಗೆಯೇ ಉಳಿದಿತ್ತು.